ಕಾರಣ ಕೇಳಿದರೆ ಮಾತ್ರ

ಬಾಗಿಲು ತಟ್ಟಿದ ಸದ್ದಿಗೆ ಷಡಕ್ಷರಿ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದ. ಬೆಳಿಗ್ಗೆ ಏಳು ಗಂಟೆ ಎರಡು ನಿಮಿಷ. ಎದ್ದು ಹೋಗಿ ಬಾಗಿಲನ್ನು ಅಂಗೈಯಗಲ ಸರಿಸಿ, "ನಾಳೆ ಬನ್ನಿ" ಎಂದ.

"ಇವತ್ತೇ ಬಂದಿದ್ದೀನಲ್ಲ ಸಾರ್" ಎಂದಿತು ಆಚೆಯ ಹೆಣ್ಣುದನಿ.

"ಏಳಕ್ಕೆ ಬಾಗಿಲು ಹಾಕ್ತೀವಿ."

"ನಾನೂ ಏಳಕ್ಕೇ ಬಂದಿರೋದು."

ವಾದಕ್ಕೆ ನಿಲ್ಲುವ ಅಭ್ಯಾಸ ಅವನಿಗಿರಲಿಲ್ಲ. ಬಾಗಿಲು ಹಾಕಿ ಬಂದು ಕೂತ.

ಶಿವರಾಂಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ಅವನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಆಗ ನಾಲ್ಕು ವರ್ಷ. ಹನ್ನೆರಡು ಮೆಷಿನ್ನು, ಹನ್ನೆರಡು ಸ್ಟೂಲು. ಇಪ್ಪತ್ತೆಂಟು ವರ್ಷದ ಮೇಷ್ಟರಿಗೆ ಐವತ್ತು ವರ್ಷದವರ ಗಾಂಭೀರ್ಯ ಎಂದು ಕೆಳಗಿನ ಅಂಗಡಿಯವರು ನಗುತ್ತಿದ್ದರು. ಆದರೆ ಅವನ ಕೈಯಲ್ಲಿ ಪಳಗಿದವರಿಗೆ ಕೆಲಸ ಸಿಗುತ್ತದೆ ಎಂಬ ಮಾತೂ ಮೈಸೂರಿನಲ್ಲಿ ಹರಡಿತ್ತು. ಅದು ೧೯೫೮. ಬಿ.ಎ. ಆದವರೂ ಟೈಪಿಂಗ್ ಕಲಿಯಲು ಮೆಟ್ಟಿಲು ಹತ್ತುತ್ತಿದ್ದ ಕಾಲ.

ಒಂದು ಗಂಟೆಯ ಬಳಿಕ ತರಗತಿ ಮುಗಿದು ಬಾಗಿಲು ತೆರೆದರೆ ಅವಳು ಮೇಲಿನ ಮೆಟ್ಟಿಲಿನಲ್ಲೇ ಕೂತಿದ್ದಳು. ಗಿಳಿಹಸಿರು ಸೀರೆ, ತೆಳ್ಳನೆಯ ಮಣಿಕಟ್ಟಿನಲ್ಲಿ ಜಾರಿ ಜಾರಿ ಮೊಣಕೈಗೆ ಹೊರಟಿದ್ದ ಗಂಡಸರ ದೊಡ್ಡ ವಾಚು, ಕೈಯಲ್ಲೊಂದು ಹೊಸ ರಬ್ಬರು.

"ನಿಮ್ಮ ಗಡಿಯಾರ ಮೂರು ನಿಮಿಷ ಮುಂದಿದೆ ಸಾರ್" ಎಂದಳು ಎದ್ದು ನಿಂತು. "ಇದು ನಮ್ಮ ಅಪ್ಪಾಜಿ ವಾಚು. ಅವರು ಮೂವತ್ತು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದೋರು. ರೈಲು ತಪ್ಪಬಹುದು, ಈ ವಾಚು ತಪ್ಪಲ್ಲ. ನನ್ನ ಹೆಸರು ಸರ್ವಮಂಗಳಾ. ಯಾದವಗಿರಿಯಿಂದ ನಡ್ಕೊಂಡು ಬಂದೆ. ನಾಳೇನೂ ಬರ್ತೀನಿ."

ಸೀರೆಯ ನೆರಿಗೆ ಹಿಡಿದು ಇಳಿದು ಹೋದಳು. ಷಡಕ್ಷರಿ ಬೀಗ ಹಾಕಿ ಊರ ನಡುವಿನ ದೊಡ್ಡ ಗಡಿಯಾರದ ಗೋಪುರದ ತನಕ ನಡೆದುಹೋಗಿ ತಲೆಯೆತ್ತಿ ನೋಡಿದ. ಹಿಂದಿರುಗಿ ಬಂದು ತನ್ನದನ್ನು ಮೂರು ನಿಮಿಷ ಹಿಂದಕ್ಕೆ ತಿರುಗಿಸಿದ.

ಮರುದಿನ ಎಲ್ಲರೂ ಕೂತ ಮೇಲೆ ಅವನು ಎದ್ದು ನಿಂತ. "ನಿನ್ನೆ ಒಬ್ಬರನ್ನ ತಪ್ಪಾಗಿ ಆಚೆ ಕೂರಿಸಿದೆ. ನನ್ನ ತಪ್ಪು, ಒಂದು." ಅಷ್ಟು ಹೇಳಿ ಕೂತ.

ಸರ್ವಮಂಗಳಾ ಇನ್ನೇನೋ ಬರುತ್ತದೆಂದು ಕಾದಳು. ಪಕ್ಕದ ಮೆಷಿನ್ನಿನ ಚೆಲುವರಾಜು ಅವಳ ಕಡೆ ಬಾಗಿದ. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವವನು, ಬಾಯಿ ಸುಮ್ಮನಿರದವನು. "ಅಷ್ಟೇಯ ಕಣಕ್ಕ. ಇಲ್ಲಿ ತಪ್ಪು ಎಷ್ಟು ಅಂತ ಏಳ್ಬೇಕು. ಕಾರಣ ಏಳಂಗಿಲ್ಲ, ಯಾರಾದ್ರೂ ಕೇಳಿದ್ರೆ ಮಾತ್ರ. ನಿಂಗೂ ಅದೇಯ, ಸಾಯೇಬ್ರಿಗೂ ಅದೇಯ."

ಅದು ಅಲ್ಲಿನ ಪದ್ಧತಿ. ಹಾಳೆ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಪ್ಪನ್ನು ತಾವೇ ಹುಡುಕಿ ಕೆಂಪು ಪೆನ್ಸಿಲಿನಲ್ಲಿ ಸುತ್ತಬೇಕು. ಎಷ್ಟು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದವರನ್ನು ನೋಡಿ ಯಾರೂ ನಗಬಾರದು. ಬೆರಳು ಜಾರಿತು, ರಾತ್ರಿ ನಿದ್ದೆ ಇಲ್ಲ, ಮೆಷಿನ್ ಸರಿಯಿಲ್ಲ ಎನ್ನುವಂತಿಲ್ಲ. ಪಕ್ಕದವರ ಹಾಳೆ ನೋಡುವಂತಿಲ್ಲ. ನೋಡಲೇಬೇಕಿದ್ದರೆ ತಮ್ಮದೇ ನಿನ್ನೆಯ ಹಾಳೆ ನೋಡಬೇಕು. ರಬ್ಬರು ಮುಟ್ಟುವಂತೆಯೇ ಇಲ್ಲ.

ಷಡಕ್ಷರಿ ಅವಳು ಕೂತಿದ್ದ ನಾಲ್ಕನೇ ಮೆಷಿನ್ನಿನ ಬಳಿ ಬಂದು ಕೈ ಚಾಚಿದ. ಅವಳು ಹೊಸ ರಬ್ಬರನ್ನು ಅಂಗೈ ಮೇಲಿಟ್ಟಳು.

"ವಾಪಸ್ ಯಾವಾಗ ಕೊಡ್ತೀರಿ?"

"ನಿಮಗೆ ಬೇಡ ಅನ್ನಿಸಿದಾಗ."

ಅವಳ ತುಟಿಯ ಅಂಚು ಸ್ವಲ್ಪ ಅಲುಗಿತು. ನಗುವೋ ಸಿಟ್ಟೋ ಅವನಿಗೆ ಗೊತ್ತಾಗಲಿಲ್ಲ. ಇಡೀ ದಿನ ಅದೇ ಯೋಚನೆಯಾಯಿತು.

ಅವಳು ಕುಳ್ಳಿ. ಸ್ಟೂಲಿನ ಮೇಲೆ ಕೂತರೆ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಮೂರನೆಯ ದಿನ ಬಂದಾಗ ಮೆಷಿನ್ನಿನ ಕೆಳಗೆ ನುಣುಪಾಗಿ ಉಜ್ಜಿದ ಹಲಗೆಯೊಂದಿತ್ತು.

"ಇದನ್ನ ಯಾರು ಇಟ್ಟಿದ್ದು ಸಾರ್?"

"ಬಡಗಿ."

"ಯಾರು ಹೇಳಿ ಮಾಡ್ಸಿದ್ದು ಅಂದೆ."

"ಕಾಲು ಊರದಿದ್ರೆ ಬೆನ್ನು ಬಾಗುತ್ತೆ. ಬೆನ್ನು ಬಾಗಿದ್ರೆ ವೇಗ ಬರಲ್ಲ."

"ಕಾರಣ ಕೇಳ್ಲಿಲ್ಲ ಸಾರ್, ಹೆಸರು ಕೇಳ್ದೆ" ಎಂದಳು. ಚೆಲುವರಾಜು ಮೆಷಿನ್ನಿನ ಹಿಂದೆ ಮುಖ ಮುಚ್ಚಿಕೊಂಡು ಕೆಮ್ಮಿದ.

ಷಡಕ್ಷರಿಗೆ ಇನ್ನೊಂದು ಅಭ್ಯಾಸವಿತ್ತು. ಯಾರಾದರೂ ತಮ್ಮ ತಪ್ಪೊಂದನ್ನು ಕಾಣದೆ ಬಿಟ್ಟಿದ್ದರೆ ಅವನು ಗದರುತ್ತಿರಲಿಲ್ಲ. ಆ ಸಾಲಿನ ಪಕ್ಕ ಒಂದು ಸಣ್ಣ ಚುಕ್ಕೆ ಇಟ್ಟು ಹಾಳೆಯನ್ನು ಹಿಂದಕ್ಕೆ ಕೊಡುತ್ತಿದ್ದ. ಎಲ್ಲಿ ಎಂದು ತಾವೇ ಹುಡುಕಿಕೊಳ್ಳಬೇಕು. ನಾಲ್ಕು ಜನರೆದುರು ಹೇಳಿಸಿಕೊಳ್ಳುವ ಅವಮಾನ ಮಾತ್ರ ಇರುತ್ತಿರಲಿಲ್ಲ.

ಎರಡು ತಿಂಗಳಲ್ಲಿ ಸರ್ವಮಂಗಳೆಯ ಬೆರಳು ಕುದುರಿತು. ಅವಳ ಕಣ್ಣಂತೂ ಇಡೀ ತರಗತಿಯಲ್ಲೇ ಚುರುಕು. ಹಾಗಿದ್ದರೂ ದಿನಕ್ಕೊಂದು ತಪ್ಪು ಸುತ್ತದೆ ಉಳಿಯುತ್ತಿತ್ತು. ದಿನಕ್ಕೊಂದೇ. ಅವನು ಚುಕ್ಕೆ ಇಡುತ್ತಿದ್ದ. ಅವಳು ಹಾಳೆ ತೆಗೆದುಕೊಂಡು ಮೊದಲು ಆ ಚುಕ್ಕೆಯನ್ನು ನೋಡಿ, ಆಮೇಲೆ ಕಿಟಕಿಯಾಚೆ ನೋಡುತ್ತಿದ್ದಳು.

ಹತ್ತು ದಿನ ಕಳೆದ ಮೇಲೆ ಅವನಿಗೆ ಅನುಮಾನ ಬಂತು. ಒಂದು ದಿನ ಚುಕ್ಕೆ ಇಡಲಿಲ್ಲ.

ಎಲ್ಲರೂ ಇಳಿದುಹೋದ ಮೇಲೆ ಅವಳು ಮೇಜಿನ ಮುಂದೆ ಬಂದು ನಿಂತಳು. "ಸಾರ್, ಇವತ್ತು ನನ್ನ ಹಾಳೆ ನೋಡ್ಲಿಲ್ವಾ?"

"ನೋಡಿದೆ."

"ಏನೂ ಇಲ್ಲ ಅದ್ರಲ್ಲಿ."

"ಗೊತ್ತಿದ್ದೂ ಬಿಟ್ಟಿರೋ ತಪ್ಪಿಗೆ ನಾನ್ಯಾಕೆ ಚುಕ್ಕೆ ಇಡ್ಲಿ?"

ಅವಳ ಕಿವಿಯ ತುದಿ ಕೆಂಪಾಯಿತು. ಆದರೂ ಹಿಂದೆ ಸರಿಯಲಿಲ್ಲ. "ಒಂದು ಕಾರಣ ಕೇಳ್ಬಹುದಾ ಸಾರ್? ಈ ಪದ್ಧತಿ ಯಾಕೆ?"

ನಾಲ್ಕು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಕೇಳಿದ ಮೇಲೆ ಹೇಳಬೇಕು. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಖಾಸಗಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಾಗ ಕಾಗದವೊಂದರಲ್ಲಿ ತಾರೀಖು ತಪ್ಪು ಹೊಡೆದದ್ದು, ರಬ್ಬರಿನಿಂದ ಉಜ್ಜಿ ಇನ್ನೊಂದು ತಪ್ಪು ತಾರೀಖನ್ನೇ ಕೂರಿಸಿದ್ದು, ಅದು ಎಷ್ಟು ಚೆನ್ನಾಗಿ ಅಳಿಸಿತ್ತೆಂದರೆ ತನ್ನ ಮೇಲೆ ಯಾರಿಗೂ ಅನುಮಾನ ಬಾರದೆ ಪಕ್ಕದ ಮೇಜಿನ ಎರಡು ಮಕ್ಕಳ ತಂದೆ ಬೈಸಿಕೊಂಡು ಬೇರೆ ಊರಿಗೆ ವರ್ಗವಾದದ್ದು, ಎಲ್ಲವನ್ನೂ ಹೇಳಿದ. "ಅವರು ಹೋಗೋ ದಿನ ನಾನೇ ಅವರ ಟ್ರಂಕು ಜಟಕಾಕ್ಕೆ ಎತ್ತಿಟ್ಟೆ. ಥ್ಯಾಂಕ್ಸ್ ಕಣಪ್ಪ ಅಂದ್ರು. ಆಗಲೂ ಹೇಳಲಿಲ್ಲ."

ಅವಳು ಸಮಾಧಾನದ ಮಾತಾಡಲಿಲ್ಲ. ಅದು ಅವನಿಗೆ ಹಿಡಿಸಿತು. "ಈಗ ನೀವು ನನ್ನ ಕಾರಣ ಕೇಳಿ" ಎಂದಳು.

"ಯಾವುದಕ್ಕೆ?"

"ನಂಗೆ ಕೆಲಸ ಯಾಕೆ ಬೇಕು ಅಂತ. ಮನೇಲಿ ಊಟಕ್ಕೇನೂ ಕೊರತೆ ಇಲ್ಲ." ವಾಚನ್ನು ಮಣಿಕಟ್ಟಿಗೆ ಸರಿಸಿಕೊಂಡಳು. "ನಮ್ಮವ್ವ ಅವಳ ತಂಗಿಗೆ ಕಾಗದ ಬರೀಬೇಕಾದ್ರೆ ಒಂದು ಅಂಚೆಚೀಟಿಗೂ ಅಪ್ಪಾಜಿನ ಕೇಳ್ಬೇಕಿತ್ತು. ಅಪ್ಪಾಜಿ ಇಲ್ಲ ಅಂತಿರ್ಲಿಲ್ಲ. ಆದ್ರೂ ಕೇಳೋ ಮುಂಚೆ ಬಾಗಿಲ ಹತ್ರ ನಿಂತು ಸೆರಗು ಸರಿ ಮಾಡ್ಕೋತಿದ್ಲು. ಬರ್ದಿಟ್ಟು ಕಳಿಸ್ದೇ ಇರೋ ಕಾಗದ ಎಷ್ಟು ಸಿಕ್ತು ಗೊತ್ತಾ, ಅವಳು ಹೋದ್ಮೇಲೆ? ಇದನ್ನ ಯಾರಿಗೂ ಹೇಳಿಲ್ಲ ನಾನು."

ಅವಳು ಮೆಟ್ಟಿಲಿಳಿದ ಸದ್ದು ನಿಂತ ಮೇಲೂ ಷಡಕ್ಷರಿ ಹಾಗೇ ಕೂತಿದ್ದ. ಕೆಳಗಿನ ಅಂಗಡಿಯವರು ಬಟ್ಟೆ ಹರಿಯುವ ಸದ್ದು, ಬೀದಿಯಲ್ಲಿ ಮಲ್ಲಿಗೆ ಮಾರುವವಳ ಕೂಗು, ಎಲ್ಲವೂ ಯಾರೋ ತನಗಾಗಿಯೇ ಮಾಡಿಸಿದಂತೆ ಇಂಪಾಗಿದ್ದವು.

ಆ ತಿಂಗಳ ಕೊನೆಯಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಕಚೇರಿಗೆ ಟೈಪಿಸ್ಟುಗಳು ಬೇಕೆಂದು ಪ್ರಕಟಣೆ ಬಂತು. ಐದು ಜನ ಅರ್ಜಿ ತುಂಬಿ ಅವನ ಮೇಜಿನ ಮೇಲಿಟ್ಟರು. ಪ್ರತಿ ಅರ್ಜಿಗೂ ಅವನು ವೇಗದ ಸರ್ಟಿಫಿಕೇಟು ಬರೆದು, ಸಹಿ ಮಾಡಿ, ತಾನೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸುವುದು ವಾಡಿಕೆ. ಸೋಮವಾರ ನಾಲ್ಕು ಅರ್ಜಿ ಕಳಿಸಿದ. ಐದನೆಯದು, ಸರ್ವಮಂಗಳೆಯದು, ಡ್ರಾಯರಿನಲ್ಲಿ ಉಳಿಯಿತು.

ಅವಳ ಹಾಳೆಯಲ್ಲಿ ಎರಡು ತಪ್ಪಿದೆ, ಇನ್ನೊಂದು ಪರೀಕ್ಷೆ ಆಗಲಿ, ಎಂದು ಅವನು ತನಗೇ ಹೇಳಿಕೊಂಡ. ಕಟ್ಟುನಿಟ್ಟಿನ ಮನುಷ್ಯನಿಗೆ ಇದೊಂದು ಸೌಕರ್ಯ. ತನ್ನ ಆಸೆಗೂ ನಿಯಮದ ಅಂಗಿ ತೊಡಿಸಬಹುದು.

ಗುರುವಾರ ಚೆಲುವರಾಜು ಅಂಚೆಯ ಸ್ವೀಕೃತಿ ಕಾರ್ಡನ್ನು ಎತ್ತಿ ಹಿಡಿದುಕೊಂಡು ಬಂದ. "ಸಾ, ನನ್ ಅರ್ಜಿ ಬೆಂಗ್ಳೂರು ಸೇರ್ಬುಡ್ತು! ಅಕ್ಕಾ, ನಿಂದು?"

ಸರ್ವಮಂಗಳಾ ಷಡಕ್ಷರಿಯ ಕಡೆ ನೋಡಿದಳು. "ನನ್ನದು ಸಾರ್? ಶನಿವಾರ ಮಧ್ಯಾಹ್ನಕ್ಕೆ ಕೊನೆ."

"ಇನ್ನೊಂದು ಪರೀಕ್ಷೆ ಕೊಡಿ. ಎರಡು ತಪ್ಪಿದೆ ನಿಮ್ಮದು."

ಅವಳು ಒಂದು ಮಾತೂ ಎದುರಾಡಲಿಲ್ಲ. ಗಡಿಯಾರಕ್ಕೆ ಜಗಳವಾಡಿದವಳು, ಹಲಗೆಗೆ ಕೀಟಲೆ ಮಾಡಿದವಳು, "ನೀವು ಹೇಳಿದ್ಮೇಲೆ ಸರಿ ಸಾರ್" ಎಂದು ಹೊಸ ಹಾಳೆ ಏರಿಸಿದಳು. ಒಂಬತ್ತರ ತನಕ ಹೊಡೆದಳು. ಹೋಗುವಾಗ ಬೆರಳ ತುದಿಗಳನ್ನು ಸೆರಗಿನಲ್ಲಿ ಒತ್ತಿಕೊಂಡು ಹೋದಳು.

ಬನ್ನಿಮಂಟಪದ ಮನೆಯಲ್ಲಿ ಅಂದು ಮಧ್ಯಾಹ್ನ ಷಡಕ್ಷರಿಯ ತಾಯಿ ಸಿದ್ದಲಿಂಗಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಮಗ ಮೊದಲನೆಯದನ್ನೇ ಮುರಿದು ಮುರಿದು ಇಡುತ್ತಿದ್ದ.

"ಏನಾಯ್ತು ಮಗಾ? ರೊಟ್ಟಿ ಮೇಲೆ ಯಾಕೆ ಕ್ವಾಪ?"

"ಒಂದು ಹುಡುಗಿ ಅರ್ಜಿ ಕಳಿಸಿಲ್ಲ ಅವ್ವ. ತಪ್ಪು ಜಾಸ್ತಿ ಇತ್ತು."

"ಎಷ್ಟು?"

"ಎರಡು."

"ಆ ಚೆಲುವರಾಜ, ಬಸ್ಸಲ್ಲಿ ಬತ್ತಾನಲ್ಲ, ಅವಂದು?"

ಷಡಕ್ಷರಿ ತಟ್ಟೆ ನೋಡಿದ. "ಮೂರು."

ಸಿದ್ದಲಿಂಗಮ್ಮ ಇನ್ನೊಂದು ಉಂಡೆ ತೆಗೆದುಕೊಂಡು ತಟ್ಟತೊಡಗಿದರು.

"ಅದು ಹಂಗಲ್ಲ ಅವ್ವ, ಅವಳಿಗೆ ಇನ್ನೂ ಚೆನ್ನಾಗಿ ಬರುತ್ತೆ, ಅದಕ್ಕೇ..."

"ನಾ ಕಾರಣ ಕೇಳ್ಲಿಲ್ಲ ಕಣಪ್ಪ" ಎಂದರು ತಲೆಯೆತ್ತದೆ. "ಮೂರು ದೊಡ್ಡದೋ ಎರಡು ದೊಡ್ಡದೋ ತಿಳ್ಯಾಕೆ ನಾ ಶಾಲೆಗೆ ಹೋಗಿರ್ಬೇಕಾ, ಬುಡು. ಬಿಸಿ ಇದೆ, ಇನ್ನೊಂದು ಹಾಕ್ಲಾ?"

ಶುಕ್ರವಾರ ಏಳು ಗಂಟೆಗೆ ಬಾಗಿಲು ಹಾಕಿದ ಮೇಲೆ ಷಡಕ್ಷರಿ ಎದ್ದು ನಿಂತ. ಹನ್ನೆರಡು ಜೊತೆ ಕೈಗಳು ಕೀಲಿಗಳ ಮೇಲಿದ್ದವು.

"ಶುರು ಮಾಡಬೇಡಿ. ನನ್ನ ತಪ್ಪು ಹೇಳಬೇಕು." ಡ್ರಾಯರಿನಿಂದ ಅರ್ಜಿ ತೆಗೆದು ಮೇಜಿನ ಮೇಲಿಟ್ಟ. "ಸರ್ವಮಂಗಳಾ ಅವರ ಅರ್ಜಿಯನ್ನ ನಾನು ಕಳಿಸಲಿಲ್ಲ. ಬೇಕಾದ ವೇಗ ಅವರಿಗೆ ಮೂರು ವಾರದ ಹಿಂದೇನೇ ಬಂದಿತ್ತು. ಅವರಿಗಿಂತ ಹೆಚ್ಚು ತಪ್ಪು ಮಾಡಿದವರಿಗೆ ಸಹಿ ಹಾಕಿದ್ದೀನಿ. ಅವರನ್ನ ಮಾತ್ರ ತಡೆದೆ. ನಿನ್ನೆ ಅವರಿಗೆ ಸುಳ್ಳೂ ಹೇಳಿದೆ. ತಪ್ಪು, ಎರಡು."

ಕೂರಲಿಲ್ಲ.

ಸರ್ವಮಂಗಳಾ ಎದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಎಲ್ಲರೂ ಕೇಳುವಂತೆ, ಒಂದೇ ಮಾತು ಕೇಳಿದಳು.

"ಕಾರಣ?"

ಕೇಳಿದರೆ ಹೇಳಬೇಕು. ಅವನು ಮಾಡಿದ ಪದ್ಧತಿಯೇ ಅದು. ಹನ್ನೊಂದು ಜನ ತಮ್ಮ ತಮ್ಮ ಹಾಳೆಯನ್ನು ನೋಡುತ್ತಿದ್ದರು.

"ನೀವು ಹೋಗ್ಬಿಡ್ತೀರಿ ಅಂತ" ಎಂದ ಷಡಕ್ಷರಿ. "ನೀವು ಮೆಟ್ಟಿಲು ಹತ್ತೋ ಸದ್ದು ಕೇಳದೇ ಇರೋ ಬೆಳಿಗ್ಗೆ ನನಗೆ ಬೇಡವಾಗಿತ್ತು."

ಯಾರದೋ ಮೊಣಕೈ ತಗುಲಿ ಮೆಷಿನ್ನೊಂದರ ರೋಲರು ಟಿಣ್ ಎಂದು ಸಾಲಿನ ಕೊನೆಗೆ ಓಡಿತು. "ಶಿವನೇ" ಎಂದ ಚೆಲುವರಾಜು, ಮೆಲ್ಲಗೆ ಹೇಳುತ್ತಿದ್ದೇನೆ ಅಂದುಕೊಂಡು, ಜೋರಾಗಿ.

ಅವಳು ನಗಲಿಲ್ಲ. ಮೇಜಿನ ತನಕ ನಡೆದು ಬಂದಳು. "ಅಂಚೆಚೀಟಿಗೆ ಸೆರಗು ಸರಿ ಮಾಡ್ಕೋತಿದ್ದೋಳ ಮಗಳು ನಾನು ಅಂತ ನಿಮಗೊಬ್ಬರಿಗೇ ಹೇಳಿದ್ದೆ."

"ಹೌದು."

"ಸಹಿ ಮಾಡಿ ಕೊಡಿ. ಇನ್ನು ಅಂಚೆಗೆ ಹಾಕಿದ್ರೆ ತಲುಪಲ್ಲ. ನಾನೇ ಹೋಗಿ ಕೊಡ್ತೀನಿ."

"ನಾನು ಹೋಗಿ..."

"ನನ್ನ ಅರ್ಜಿ. ನಾನೇ ಕೊಡ್ತೀನಿ."

ಅವನು ಸಹಿ ಮಾಡಿದ. ಆ ಸರ್ಟಿಫಿಕೇಟಿನಲ್ಲಿ ಅವಳ ವೇಗವನ್ನು ಇದ್ದಷ್ಟೇ ಬರೆದ. ಪಶ್ಚಾತ್ತಾಪಕ್ಕೆಂದು ಒಂದು ಪದವನ್ನೂ ಹೆಚ್ಚಿಸಲಿಲ್ಲ. ಅವಳು ಓದಿ ನೋಡಿ, ಮಡಿಸಿ, ಇಳಿದು ಹೋದಳು.

ಅಂದು ಸಂಜೆ ಅವನು ಯಾದವಗಿರಿಗೆ ನಡೆದ. ಅವಳ ತಂದೆಗೂ ಹೇಳಬೇಕಿತ್ತು. ರುದ್ರಸ್ವಾಮಿಯವರು ಜಗುಲಿಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು.

"ಕೂತ್ಕೊಳ್ಳಿ. ಬೈಯೋಣ ಅಂದ್ರೆ ನೀವೇ ಎಲ್ಲಾ ಬೈಕೊಂಡುಬಿಟ್ಟಿದ್ದೀರಿ, ನನಗೇನೂ ಉಳಿಸಿಲ್ಲ." ಆಮೇಲೆ ದನಿ ತಗ್ಗಿತು. "ಬೆಳಿಗ್ಗೆ ರೈಲಿಗೆ ಒಬ್ಬಳೇ ಹೋಗ್ತೀನಿ ಅಂತಾಳೆ. ಮಲ್ಲೇಶ್ವರದಲ್ಲಿ ಅವಳ ಚಿಕ್ಕಮ್ಮ ಇದ್ದಾಳೆ, ಅಲ್ಲಿ ಉಳ್ಕೋತಾಳಂತೆ. ನಾನು ಬೇಡ ಅನ್ನಬೇಕು ಅಂತಲೇ ಇದ್ದೆ."

"ಈಗ?"

"ಅವಳ ತಾಯಿ ಏನು ಕೇಳಿದ್ರೂ ಕೊಡ್ತಿದ್ದೆ ರೀ ನಾನು. ಕೇಳೋದೇ ಅವಳಿಗೆ ಎಷ್ಟು ಕಷ್ಟ ಅಂತ ಒಂದು ದಿನಾನೂ ನಾನು ಕೇಳ್ಲಿಲ್ಲ. ಕೆಟ್ಟವನೇನಲ್ಲ ನೋಡಿ, ನಿಮ್ಮ ಹಾಗೇ." ಕನ್ನಡಕ ಹಾಕಿಕೊಂಡರು. "ಈಗ ಹೋಗಿ ಬರ್ಲಿ ಅಂತೀನಿ. ಕಾಫಿ ಕುಡೀತೀರಾ? ನನಗೆ ಮಾಡೋಕೆ ಬರಲ್ಲ. ಅವಳು ಮಾಡ್ತಾಳೋ ಇಲ್ವೋ ಇವತ್ತು, ಹೇಳಲಾರೆ."

ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಕಾಫಿ ಬರಲಿಲ್ಲ. ಷಡಕ್ಷರಿ ನಮಸ್ಕಾರ ಹೇಳಿ ಎದ್ದ.

ಶನಿವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ದೂರದಿಂದಾದರೂ ನೋಡಬೇಕೆಂದು ಎಷ್ಟು ಅನ್ನಿಸಿದರೂ ಅವನು ಹೋಗಲಿಲ್ಲ. ಹೋದರೆ ಅದು ಅವಳಿಗಾಗಿ ಅಲ್ಲ, ತನ್ನ ಸಂಕಟ ಇಳಿಸಿಕೊಳ್ಳಲು. ಮೆಷಿನ್ನುಗಳಿಗೆ ಎಣ್ಣೆ ಹಾಕಿದ. ಏಳಕ್ಕೆ ಬಾಗಿಲು ಹಾಕಿದ. ದೂರದಲ್ಲಿ ರೈಲು ಕೂಗಿತೆಂದು ಅನ್ನಿಸಿ ಕಿಟಕಿಗೆ ಬಂದು ನಿಂತ. ಅದು ಬೀದಿಯ ಸಾಣೆ ಹಿಡಿಯುವವನ ಚಕ್ರ.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. "ಸಾ, ನಿಮ್ ಮಖ ನೋಡಕಾಗಕಿಲ್ಲ" ಎಂದ ಚೆಲುವರಾಜು. "ಒಂದ್ ಕಾಗ್ದ ಆದ್ರೂ ಬರೀರಿ. ನಾನೇ ಟೈಪ್ ಮಾಡ್ಕೊಡ್ತೀನಿ, ತಪ್ಪಿಲ್ದಂಗೆ."

"ನಿಮ್ಮ ಹಾಳೆ ನೋಡ್ಕೊಳ್ಳಿ."

"ಅಂಗೇ ಆಗ್ಲಿ ಸಾ. ನಾಲ್ಕು."

ಬುಧವಾರ ತರಗತಿ ಮುಗಿದು ಎಲ್ಲರೂ ಹೊರಟ ಮೇಲೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಷಡಕ್ಷರಿ ತಲೆಯೆತ್ತಲಿಲ್ಲ. ಯಾರದೆಂದು ಗೊತ್ತಿತ್ತು. ಗೊತ್ತಿದೆ ಎಂಬ ಸಂತೋಷವನ್ನು ಒಂದು ಕ್ಷಣ ಹಾಗೇ ಇಟ್ಟುಕೊಂಡ.

"ಅರ್ಜಿ ತಗೊಂಡ್ರು" ಎಂದಳು ಸರ್ವಮಂಗಳಾ ಬಾಗಿಲಲ್ಲೇ ನಿಂತು. "ಮುಂದಿನ ತಿಂಗಳು ಪರೀಕ್ಷೆ. ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಮದ್ದೂರಲ್ಲಿ ವಡೆ ತಗೊಂಡೆ. ಯಾರನ್ನೂ ಕೇಳ್ದೆ."

"ಚೆನ್ನಾಗಿತ್ತಾ?"

"ತುಂಬಾ." ಒಳಗೆ ಬಂದಳು. "ಸಿಟ್ಟು ಇನ್ನೂ ಇದೆ ನನಗೆ."

"ಇರಲಿ."

"ಯಾವಾಗ ಹೋಗುತ್ತೆ ಅಂತ ಹೇಳಲಾರೆ."

"ಹೋಗೋ ತನಕ ಇರಲಿ. ನಾನೂ ಇರ್ತೀನಿ."

ಅವಳು ಕಿಟಕಿಯ ಕಡೆ ತಿರುಗಿದಳು. ಬಿಸಿಲು ಕೆನ್ನೆಯ ಒಂದು ಪಕ್ಕಕ್ಕೆ ಬಿದ್ದು, ಕಿವಿಯ ಬಳಿಯ ಸಣ್ಣ ಕೂದಲು ಚಿನ್ನದ ಎಳೆಯಂತೆ ಕಂಡಿತು. "ನೀವು ಅವತ್ತು ಎಲ್ಲರ ಮುಂದೆ ಕಾರಣ ಹೇಳಿದ್ರಿ. ಸರಿ. ಆದ್ರೆ ಕೇಳಬೇಕಾದ್ದನ್ನ ಕೇಳ್ಲೇ ಇಲ್ಲ."

"ಏನನ್ನ?"

"ಅದಕ್ಕೂ ನಾನೇ ಡಿಕ್ಟೇಷನ್ ಕೊಡ್ಬೇಕಾ ಸಾರ್?"

ಷಡಕ್ಷರಿ ಎದ್ದು ನಿಂತ. ಇಲ್ಲ ಎನ್ನಿಸಿಕೊಳ್ಳುವುದನ್ನು ಅವನು ಎಷ್ಟೋ ಜನಕ್ಕೆ ಕಲಿಸಿದ್ದ. ಕೆಲಸ ಕೇಳಲು ಹೋಗುವಾಗ ಬಾಗಿಲಲ್ಲಿ ಅಳುಕಬೇಡಿ, ನೇರವಾಗಿ ಕೇಳಿ, ಇಲ್ಲ ಅಂದರೆ ನಮಸ್ಕಾರ ಹೇಳಿ ಬನ್ನಿ ಎನ್ನುತ್ತಿದ್ದ. ಅದು ಇಷ್ಟು ಕಷ್ಟವೆಂದು ಯಾರೂ ಅವನಿಗೆ ಹೇಳಿರಲಿಲ್ಲ.

"ನನ್ನನ್ನ ಮದುವೆ ಆಗ್ತೀರಾ?"

"ಹಾಗೆಲ್ಲ ನೋಡದೆ ಹೇಳೋಕಾಗಲ್ಲ" ಎಂದಳು ಗಂಭೀರವಾಗಿ. "ಭಾನುವಾರ ಅಪ್ಪಾಜಿ ಜೊತೆ ನಿಮ್ಮನೆಗೆ ಬರ್ತೀನಿ. ಗಂಡು ನೋಡೋಕೆ."

"ಗಂಡು ನೋಡೋಕೆ?"

"ಹೆಣ್ಣು ನೋಡೋಕೆ ಬಂದೋರು ಮೂರು ಸಲ ನನ್ನ ಕೈಯಲ್ಲಿ ಉಪ್ಪಿಟ್ಟು ತಿಂದು ಹೋಗಿದ್ದಾರೆ. ಈ ಸಲ ನೀವು ಮಾಡಿ. ನಿಮ್ಮ ತಾಯಿ ಕೈಯಲ್ಲಿ ಮಾಡ್ಸಿದ್ರೆ ನಂಗೆ ಗೊತ್ತಾಗುತ್ತೆ." ಬಾಗಿಲ ತನಕ ಹೋಗಿ ತಿರುಗಿದಳು. ಈ ಸಲ ಅದು ನಗುವೇ. ಅವನಿಗೆ ಸಂಶಯ ಉಳಿಯಲಿಲ್ಲ.

ಭಾನುವಾರ ಬನ್ನಿಮಂಟಪದ ಆ ಪುಟ್ಟ ಮನೆಯಲ್ಲಿ ರವೆ ಹುರಿದ ವಾಸನೆ ಬೀದಿಯ ತನಕ ಬಂದಿತ್ತು. ಸಿದ್ದಲಿಂಗಮ್ಮ ಅಡುಗೆಮನೆಯ ಹೊಸಿಲಾಚೆ ಕೂತು, "ನಾ ಒಂದ್ ಮಾತೂ ಆಡಾಕಿಲ್ಲ" ಎಂದು ಹೇಳಿ ಹೇಳಿ ಅರ್ಧ ಗಂಟೆ ಮಾತಾಡಿದ್ದರು. "ಒಲೆ ಸಣ್ಣ ಮಾಡು. ನಾ ಏಳ್ಲಿಲ್ಲ. ಈರುಳ್ಳಿ ಸೀದೋಯ್ತದೆ. ನಾ ಏಳ್ಲಿಲ್ಲ ಕಣಪ್ಪ."

ಅಪ್ಪ ಮಗಳು ಚಾಪೆಯ ಮೇಲೆ ಕೂತರು. ಷಡಕ್ಷರಿ ತಟ್ಟೆಗಳನ್ನು ಹಿಡಿದು ತಲೆ ತಗ್ಗಿಸಿಕೊಂಡು ಬಂದ. ಹೆಜ್ಜೆಗೊಮ್ಮೆ ಚಮಚಗಳು ಕಿಣಿಕಿಣಿ ಎಂದವು.

"ಹುಡುಗ ಎಷ್ಟು ಓದಿದ್ದಾರೆ?" ಎಂದಳು ಸರ್ವಮಂಗಳಾ ಗಾಳಿಯನ್ನು ಕೇಳುವವಳಂತೆ.

"ಇಂಟರ್‌ಮೀಡಿಯೆಟ್."

"ಹಾಡು ಬರುತ್ತಾ?"

"ಬರಲ್ಲ."

"ಕಸೂತಿ?"

ಸಿದ್ದಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ರುದ್ರಸ್ವಾಮಿಯವರು ಸದ್ದಿಲ್ಲದೆ ಉಪ್ಪಿಟ್ಟು ತಿನ್ನುತ್ತಿದ್ದರು.

"ಕೆಲಸ ಸಿಕ್ಕಿದ್ರೆ ನಾನು ಬೆಂಗಳೂರಿಗೆ ಹೋಗ್ತೀನಿ" ಎಂದಳು ಅವಳು. ಈಗ ದನಿಯಲ್ಲಿ ಆಟವಿರಲಿಲ್ಲ. "ಎರಡು ವರ್ಷ ಆದ್ರೂ ಇರ್ತೀನಿ. ಮದುವೆ ಆದ್ಮೇಲೂ ಹೋಗ್ತೀನಿ."

"ಹೋಗಿ. ಶನಿವಾರ ಸಂಜೆ ರೈಲಿಗೆ ನಾನು ಬರ್ತೀನಿ."

"ಪ್ರತಿ ಶನಿವಾರ?"

ಹೌದು ಎನ್ನುವುದು ಸುಲಭವಿತ್ತು. ಅವಳ ಕಣ್ಣು ಅದನ್ನೇ ಬೇಡುತ್ತಿದ್ದಂತೆಯೂ ಇತ್ತು. ಷಡಕ್ಷರಿ ಒಂದು ಗಳಿಗೆ ಯೋಚಿಸಿದ. "ಪ್ರತಿ ಶನಿವಾರ ಆಗಲ್ಲ. ಪರೀಕ್ಷೆ ಇರೋ ವಾರಗಳಲ್ಲಿ ಇನ್‌ಸ್ಟಿಟ್ಯೂಟ್ ಬಿಟ್ಟು ಬರೋಕಾಗಲ್ಲ. ಅವ್ವಂಗೆ ಹುಷಾರಿಲ್ಲದಿದ್ರೂ ಆಗಲ್ಲ. ತಿಂಗಳಿಗೆ ಮೂರು ಸಲ ಬರ್ತೀನಿ. ಆಗದೇ ಇದ್ದಾಗ ಮೊದಲೇ ಕಾಗದ ಬರೀತೀನಿ."

ಸರ್ವಮಂಗಳಾ ಅವನನ್ನೇ ನೋಡಿದಳು. ಮೂರು ಸಲ ಬಂದು ಹೋದವರು ನಕ್ಷತ್ರವನ್ನೇ ತಂದುಕೊಡುವವರಂತೆ ಮಾತಾಡಿದ್ದರು. ತಿಂಗಳಿಗೆ ಮೂರು ಎಂದು ಇದ್ದಷ್ಟೇ ಹೇಳಿದವನು ಇವನೊಬ್ಬ. ಅವಳ ಭುಜ ಸಡಿಲವಾಯಿತು. ಇಷ್ಟು ದಿನ ಹಿಡಿದುಕೊಂಡಿದ್ದ ಏನನ್ನೋ ಕೆಳಗಿಟ್ಟಂತೆ.

"ಸಿಟ್ಟು ಹೋಯ್ತು" ಎಂದಳು ಮೆಲ್ಲಗೆ. ಹೇಳಿ ಉಪ್ಪಿಟ್ಟಿನ ಚಮಚ ಬಾಯಿಗಿಟ್ಟಳು.

ಅವಳ ಮುಖ ನೋಡುತ್ತಿದ್ದ ಷಡಕ್ಷರಿಗೆ ಆಗ ಥಟ್ಟನೆ ಹೊಳೆಯಿತು. ಎದ್ದೇ ನಿಂತ. "ಉಪ್ಪು ಹಾಕಿಲ್ಲ! ಮರೆತೇಬಿಟ್ಟೆ. ಅಯ್ಯೋ, ನೀವ್ಯಾರೂ ತಿನ್ನಬೇಡಿ!"

ಎಲ್ಲರೂ ರುದ್ರಸ್ವಾಮಿಯವರ ತಟ್ಟೆ ನೋಡಿದರು. ಅದು ಖಾಲಿಯಾಗಿತ್ತು. ಅವರು ಮೀಸೆ ಒರೆಸಿಕೊಂಡು, "ಚೆನ್ನಾಗಿಯೇ ಇತ್ತಪ್ಪ" ಎಂದರು.

ಸಿದ್ದಲಿಂಗಮ್ಮ ನಗುತ್ತಾ ಉಪ್ಪಿನ ಭರಣಿ ತಂದಿಟ್ಟರು. ಸರ್ವಮಂಗಳಾ ಅದನ್ನು ಮುಟ್ಟಲಿಲ್ಲ. ತನ್ನ ತಟ್ಟೆಯನ್ನು ಕೊನೆಯ ಕಾಳಿನ ತನಕ ಮುಗಿಸಿ, ಅವನ ಮುಂದೆ ಚಾಚಿದಳು.

"ಇನ್ನೊಂಚೂರು ಹಾಕ್ರೀ" ಎಂದಳು. ಅಂದಿನವರೆಗೆ ಸಾರ್ ಎನ್ನುತ್ತಿದ್ದವಳು. "ನಿಮ್ಮ ಕೈ ಅಡುಗೆ ಅಭ್ಯಾಸ ಆಗ್ಬೇಕಲ್ಲ ನಂಗೆ."